ಎರಡು ಪಾಲು ಬಿಸಿಲು

ಕತ್ತಲಕೋಣೆಯಲ್ಲಿ ಫೋಟೋ ತೊಳೆಯುತ್ತಲೇ ಅರ್ಧ ಆಯುಸ್ಸು ಕಳೆದ ಫೋಟೋಗ್ರಾಫರನಿಗೆ, ದೇವರು ಈಗ ಬಿಸಿಲನ್ನೇ ಹನಿಯಾಗಿಸಿ ಕಳಿಸಿದ್ದ. ಒಂದು ಮೂತ್ರಪಿಂಡ ತೆಗೆಸಿದ್ದರೂ ಅದರ ಕ್ಯಾನ್ಸರ್ ಶ್ವಾಸಕೋಶಕ್ಕೂ ಹಬ್ಬಿತ್ತು. ಆಸ್ಪತ್ರೆಯಲ್ಲಿ ರೋಗನಿರೋಧಕ ಶಕ್ತಿಯನ್ನು ಚುರುಕುಗೊಳಿಸುವ ಇಮ್ಯುನೋಥೆರಪಿ ಡ್ರಿಪ್, ಮನೆಯಲ್ಲಿ ವಿಟಮಿನ್ ಡಿ ಹನಿ. ಎರಡೂ ಕೂಡಿದರೆ ಗುಣ ಹೆಚ್ಚೀತೇ ಎಂದು ಡಾಕ್ಟರಮ್ಮ ನೋಡುತ್ತಿದ್ದರು.

ಎದುರಂಗಡಿಯ ಟೈಲರಮ್ಮ ಪ್ರತಿ ಸಲವೂ ಜೊತೆಗೆ ಬರುತ್ತಿದ್ದಳು. ಯಾರದೋ ಅಂಗಿಗೆ ಕಾಜ ಹೊಲಿಯುತ್ತ ಪಕ್ಕದಲ್ಲೇ ಕೂರುತ್ತಿದ್ದಳು.

"ಹಾಗೆ ನೋಡ್ತಿದ್ದೀರಲ್ಲ, ಫೋಟೋ ತೆಗೀತೀರಾ?"

"ತೆಗೆಯೋಕೆ ನೀವು ಬಾಯಿ ಮುಚ್ಕೊಂಡು ಕೂರಬೇಕು. ಆಗೋ ಮಾತಾ?"

ದಾರ ಕಚ್ಚುವ ನೆಪದಲ್ಲಿ ಅವಳು ನಗು ಮುಚ್ಚಿಟ್ಟಳು.

ಒಂದು ಮಾತು ಬಹುಕಾಲದಿಂದ ಅವನ ಗಂಟಲಲ್ಲೇ ಕೂತಿತ್ತು. ಕಾಯಿಲೆ ಬಂದ ಮೇಲೆ ನುಂಗಿಯೇಬಿಟ್ಟಿದ್ದ. ಎಣ್ಣೆ ತೀರುತ್ತಿರುವ ದೀಪಕ್ಕೆ ಕೈ ಅಡ್ಡ ಹಿಡಿ ಎಂದು ಯಾರನ್ನು ಕೇಳುವುದು?

ಅಂದು ರಕ್ತದ ರಿಪೋರ್ಟ್ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಕ್ಯಾಲ್ಸಿಯಂ ಏರಿಬಿಟ್ಟಿದೆ. ಹನಿ ಎಷ್ಟು ತಗೋತೀರಿ?"

"ನೀವು ಹೇಳಿದಷ್ಟೇ. ದೇವರಾಣೆ."

ಟೈಲರಮ್ಮನ ಸೂಜಿ ನಿಂತಿತು. "ನಾನೂ ಅದೇ ಹನಿ ಹಾಕ್ತಿದ್ದೆ ಡಾಕ್ಟ್ರೇ, ದಿನಾ ಇವರಿಗೆ ಕೊಡೋ ಹಾಲಿಗೆ. ಇವರಿಗೆ ಮರೆವು. ಹಣೆ ಮೇಲೆ ಕನ್ನಡಕ ಇಟ್ಕೊಂಡು ಅಂಗಡಿಯೆಲ್ಲ ಹುಡುಕೋ ಮನುಷ್ಯ."

"ಅವರನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ, ನೀವ್ಯಾರು ಅಂದ್ಬಿಟ್ರೆ?"

"ಉಳಿದಿರೋ ಒಂದು ಕಿಡ್ನಿಗೂ ಪೆಟ್ಟು ಬೀಳ್ತಿತ್ತು! ಸದ್ಯಕ್ಕೆ ಹನಿ ಬಂದ್, ಬಿಸಿಲೂ ಬಂದ್. ಇವತ್ತು ಡ್ರಿಪ್ಪೂ ಬೇಡ. ಇನ್ಮೇಲೆ ಔಷಧಿ ಒಬ್ಬರ ಕೈಯಲ್ಲೇ ಇರಲಿ." ಡಾಕ್ಟರಮ್ಮ ದನಿ ತಗ್ಗಿಸಿದರು. "ನೀವು ಇವರಿಗೆ ಏನಾಗಬೇಕು?"

ಅವಳ ಕಣ್ಣು ತುಂಬಿತು.

"ಅದನ್ನ ನಾನು ಎಂದೋ ಕೇಳಬೇಕಿತ್ತು," ಎಂದ ಅವನು. "ಟೈಲರಮ್ಮ, ನನಗೆ ಎಷ್ಟು ದಿನ ಉಳಿದಿದೆಯೋ ಗೊತ್ತಿಲ್ಲ. ಆ ಔಷಧಿ ಬಾಟ್ಲಿ ನಮ್ಮನೇಲಿ, ನಿಮ್ಮ ಕೈಯಲ್ಲಿರಲಿ. ನನ್ನ ಮದುವೆ ಆಗ್ತೀರಾ?"

ಅವಳು ಅವನ ತೋಳು ಹಿಡಿದು ಹೊರಗೆ ಕರೆತಂದು ಬೆಂಚಿನ ಮೇಲೆ ಕೂರಿಸಿದಳು. ಇಷ್ಟು ದಿನ ಬಿಸಿಲಿಗೆ ಎಳೆದು ತರುತ್ತಿದ್ದವಳು, ಈಗ ಹೊಲಿಯುತ್ತಿದ್ದ ಅಂಗಿಯನ್ನೇ ಹರವಿ ಅವನ ತಲೆಯ ಮೇಲೆ ಹಿಡಿದು ನಿಂತಳು.

"ಪಾಪ, ಯಾರ ಅಂಗಿ ಇದು?"

"ಮೊದಲಿಂದಲೂ ನಿಮ್ಮದೇ. ಅಳತೆ ಕೇಳೋ ಧೈರ್ಯ ಇರ್ಲಿಲ್ಲ. ಕಣ್ಣಲ್ಲೇ ತಗೊಂಡೆ."

ಅವನು ಅಂಗಿಯ ತೋಳನ್ನು ಮುಟ್ಟಿ ನೋಡಿದ. "ಸಡಿಲ ಆಗುತ್ತಲ್ಲ?"

"ಆಗಲಿ," ಎಂದಳು ಅವಳು. "ಮೈ ತುಂಬ್ಕೊಳ್ಳೋಕೆ ಜಾಗ ಬಿಟ್ಟಿದ್ದೀನಿ. ಮದುವೆಗೆ ಇದನ್ನೇ ಹಾಕ್ಕೊಳ್ಳಿ."