ಮರಗಟ್ಟಿದ ಹೆಬ್ಬೆರಳು

“ಇವತ್ತು ನಿನಗೆ ರಜೆ ಅಲ್ವಾ?”

ನರಪರೀಕ್ಷೆಯ ಕೋಣೆಗೆ ಕಾಲಿಡುತ್ತಲೇ ಅವಳ ಬಾಯಿಂದ ಜಾರಿದ ಮಾತು ಅದು.

ಯಂತ್ರದ ಮುಂದಿದ್ದ ಟೆಕ್ನಿಷಿಯನ್ ತಲೆ ಎತ್ತಿದ. “ಡ್ಯೂಟಿ ಬದಲಾಯ್ತು. ನನ್ನ ರಜೆ ಲೆಕ್ಕ ಹಾಕ್ಕೊಂಡೇ ಬಂದ್ರಾ ನೀವು?”

ಆ ‘ನೀವು’ ಅವಳಿಗೆ ಚುಚ್ಚಿತು. ಮದುವೆಯಾಗೋಣವೇ ಎಂದು ಅವನು ಕೇಳಿ ತಿಂಗಳಾಗಿತ್ತು. ಭಾನುವಾರ ಹೇಳುತ್ತೇನೆಂದವಳು ಆಮೇಲೆ ಫೋನೇ ಎತ್ತಿರಲಿಲ್ಲ.

“ಬೇರೆಯವರನ್ನ ಕರೀಲಾ?”

“ಬೇಡ. ನೀನೇ ಮಾಡು.”

ಅವಳು ಟೈಲರ್. ಹದಿನಾರು ವರ್ಷ ಹೊಲಿಗೆ ಯಂತ್ರದ ಮೇಲೆ ಬಗ್ಗಿದ ಕುತ್ತಿಗೆ ಈಗ ಸೇಡು ತೀರಿಸಿಕೊಳ್ಳುತ್ತಿತ್ತು. ಬಲಗೈಯ ಹೆಬ್ಬೆರಳು, ತೋರುಬೆರಳು ಮರಗಟ್ಟಿದ್ದವು. ಎರಡು ಸಲ ಕತ್ತರಿ ಕೈಜಾರಿ ಪಾದದ ಪಕ್ಕದಲ್ಲೇ ಬಿದ್ದಿತ್ತು.

ಅವನು ಅವಳ ಬೆರಳಿಗೆ ತಂತಿಯ ಉಂಗುರ ತೊಡಿಸಿದ. ಇಬ್ಬರೂ ಒಮ್ಮೆಲೇ ಬೇರೆ ಕಡೆ ನೋಡಿದರು.

“ಸಣ್ಣ ಶಾಕ್ ಹೊಡೆಯುತ್ತೆ. ಹೆದರ್ಬೇಡಿ.”

“ನನ್ನ ಹೆದರಿಕೆ ಶಾಕಿಗಲ್ಲ.”

ಬೆರಳು ಎಗರಿತು. ಪರದೆಯ ಮೇಲೆ ಗೆರೆ ಏರಿ ಇಳಿಯಿತು. ಅವನ ಮುಖದಲ್ಲಿ ಏನೂ ಓದಲಾಗಲಿಲ್ಲ.

ಆಮೇಲೆ ಡಾಕ್ಟರಮ್ಮ ಬಂದು ತೋಳಿನ ಸ್ನಾಯುವಿಗೆ ತೆಳ್ಳನೆಯ ಸೂಜಿ ಇಳಿಸಿದರು. “ಸಡಿಲ ಬಿಡಮ್ಮ... ಈಗ ಮೊಣಕೈ ಮಡಚಿ ಬಿಗಿ ಹಿಡಿ.” ಯಂತ್ರದ ಸ್ಪೀಕರಿನಲ್ಲಿ ಸ್ನಾಯುವಿನ ಸದ್ದು ಚಟಪಟ ಸಿಡಿಯಿತು. ಎಡಗೈಯಿಂದ ಅವಳು ಮಂಚದ ಅಂಚಿಗಾಗಿ ತಡಕಾಡಿದಳು. ಸಿಕ್ಕಿದ್ದು ಅವನ ಅಂಗೈ. ಅವನು ಬಿಡಿಸಿಕೊಳ್ಳಲಿಲ್ಲ.

“ಬೆರಳಿನ ನರ ಚೆನ್ನಾಗಿದೆ,” ಎಂದರು ಡಾಕ್ಟರಮ್ಮ. “ಕುತ್ತಿಗೆ ಮೂಳೆ ಸವೆದು ನರದ ಬುಡ ಒತ್ತಿಕೊಂಡಿದೆ. ಸ್ನಾಯು ಸೊರಗಿದೆ, ಸತ್ತಿಲ್ಲ. ಆಪರೇಷನ್ ಬೇಕಾ ಅಂತ ಸರ್ಜನ್ ಹೇಳ್ತಾರೆ. ತಡ ಮಾಡ್ಬೇಡ.”

ಅವರು ಹೊರಟ ಮೇಲೆ ಅವನು ಕೇಳಿದ, “ಇದಕ್ಕೇನಾ ಫೋನ್ ಎತ್ತದೆ ಇದ್ದಿದ್ದು?”

“ಅಮ್ಮನ ಕೈಯೂ ಹೀಗೇ ಹೋಗಿದ್ದು. ಕೊನೇವರೆಗೂ ಅಪ್ಪನೇ ತುತ್ತಿಟ್ಟಿದ್ದು. ನಿನಗ್ಯಾಕೆ ಆ ಪಾಡು ಅಂತ...”

“ನಿಮ್ಮಪ್ಪ ಯಾವತ್ತಾದ್ರೂ ಗೊಣಗಿದ್ರಾ?”

ಅವಳು ಯೋಚಿಸಿದಳು. “ಇಲ್ಲ. ಉಪ್ಪು ಕಮ್ಮಿ ಅಂತ ಅಮ್ಮನೇ ಗೊಣಗ್ತಿದ್ದಳು.”

ಅವನಿಗೆ ನಗು ತಡೆಯಲಾಗಲಿಲ್ಲ, ಕಣ್ಣು ಮಾತ್ರ ಒದ್ದೆಯಾಗಿತ್ತು. “ನಾನೇನು ತಪ್ಪು ಮಾಡಿದ್ನೋ ಅಂತ ತಿಂಗಳಿಡೀ ತಲೆ ಕೆಡಿಸ್ಕೊಂಡಿದ್ದೆ, ಗೊತ್ತಾ? ನಾನು ಇಷ್ಟ ಇಲ್ಲ ಅಂದ್ರೆ ಬಾಯಿಬಿಟ್ಟು ಹೇಳು. ಕೈ ನೆಪ ಬೇಡ.”

ಮುಂದಿನ ರೋಗಿ ಬಾಗಿಲು ತಟ್ಟಿದರು.

“ಆಪರೇಷನ್ ಆದ್ರೆ ಫಾರ್ಮಲ್ಲಿ ಮನೆಯವರ ಸಹಿ ಬೇಕಂತೆ,” ಅವಳು ತಲೆತಗ್ಗಿಸಿ ಹೇಳಿದಳು. “ನೀನು ಹಾಕ್ತೀಯಾ?”

“ಸಂಬಂಧ ಏನು ಅಂತ ಬರೀಲಿ?”

“ಗಂಡ ಅಂತ. ಫಾರ್ಮಲ್ಲಿ ಸುಳ್ಳು ಬರೀಬಾರದು, ಬೇಗ ಏನಾದ್ರೂ ಮಾಡು.”

“ಎರಡು ನಿಮಿಷ ಇರಿ!” ಅವನು ಬಾಗಿಲ ಕಡೆ ಕೂಗಿದ. ಅವಳ ಎಡಗೈ ಇನ್ನೂ ಅವನ ಕೈಯಲ್ಲೇ ಇತ್ತು.