ಚಾವಿ ಹಾಕುವ ಜಾಗ

“ಚಾವಿ ಹಾಕೋ ಜಾಗಾನೇ ಹೊಲಿದುಬಿಟ್ಟೀರಲ್ರಿ!”

ಆಸಿಫ್ ಸಿಟ್ಟಿನಿಂದ ಹೇಳಲಿಲ್ಲ, ಬೆರಗಿನಿಂದ ಹೇಳಿದ. ಕಾರಿನ ಮುಂದಿನ ಎರಡು ಸೀಟುಗಳ ನಡುವೆ ಮತ್ತೆ ಬೆರಳಾಡಿಸಿದ. ಕಂದು ಚರ್ಮ, ಸಾಲು ಹಿಡಿದ ಹೊಲಿಗೆ, ಎಲ್ಲೂ ಒಂದು ಸುಕ್ಕಿಲ್ಲ. ಚಾವಿಯ ಕಿಂಡಿ ಮಾತ್ರ ಮಾಯ.

ಹುಮನಾಬಾದಿನ ಓಣಿಯಲ್ಲಿ, ಮನೆ ಮುಂದಿನ ತಗಡಿನ ಶೆಡ್ಡಿನಿಂದ ಸಮ್ರೀನ ಹೊರಗೆ ಬಂದಳು. ಕೈಯಲ್ಲಿ ಇನ್ನೂ ಸೂಜಿ.

“ಚೇಷ್ಟೆ ಮಾಡಬ್ಯಾಡ್ರಿ ಆಸಿಫ್ ಭಾಯಿ. ಹತ್ತು ವರ್ಷದಿಂದ ಗಾಡಿ ಸೀಟು ಹೊಲೀತೀನಿ. ಚಾವಿ ಸ್ಟೇರಿಂಗ್ ಹತ್ರ ಇರ್ತದ.”

“ಈ ಗಾಡೀದು ಇಲ್ಲೇ ಅದರಿ.”

“ಯಾವ ಹುಚ್ಚ ಇಲ್ಲಿ ಇಟ್ಟಾನ?”

“ಹುಚ್ಚಲ್ರಿ. ಸ್ಟೇರಿಂಗ್ ಕಡೆ ಇದ್ರ, ಗಾಡಿ ಎಲ್ಲ್ಯಾರ ಬಡದಾಗ ಚಾವಿ ಮೊಣಕಾಲಿಗಿ ಚುಚ್ಚತದ. ಅದಕ್ಕ ನಡುವ ಇಟ್ಟಾರ.”

ಅವಳ ನಗು ನಿಂತಿತು. “ಕಾಣದ ದೇಶದಾಗ ಯಾರೋ ಕೂತು ನಮ್ಮ ಮೊಣಕಾಲಿನ ವಿಚಾರ ಮಾಡ್ಯಾರ,” ಎಂದು ಮೆಲ್ಲಗೆ ಹೇಳಿ, ಹೊಲಿಗೆ ಬಿಚ್ಚಲು ಕೂತಳು.

ಆಸಿಫ್‌ಗೆ ಆ ಮಾತು ಬಸವಕಲ್ಯಾಣ ಮುಟ್ಟುವವರೆಗೂ ಕಿವಿಯಲ್ಲಿತ್ತು. ಅಲ್ಲಿ ಲಾರಿಗಳ ಸದ್ದಿನ ನಡುವೆ ಅವನದೊಂದು ಗ್ಯಾರೇಜು. ಕಾರು ಬೀದರಿನ ಡಾಕ್ಟರ್ ವೈಜಿನಾಥರದು. ಸ್ವೀಡನ್ನಿನಲ್ಲಿ ಹುಟ್ಟಿದ ಟರ್ಬೊ ಗಾಡಿ. ಈಗ ಆ ಕಂಪನಿಯೇ ಇಲ್ಲ. ಸಿಗದ ಒಂದೊಂದು ಭಾಗವನ್ನೂ ತಾನೇ ಕಡೆದು ಕೂರಿಸಿ, ಎಂಟು ತಿಂಗಳಲ್ಲಿ ಅದಕ್ಕೆ ಜೀವ ತುಂಬಿದ್ದ. ಉಳಿದದ್ದು ಬಿರಿದ ಸೀಟುಗಳು. ಅವಕ್ಕಾಗಿಯೇ ಗಾಡಿ ಸೀಟು ಹೊಲಿಯುವುದರಲ್ಲಿ ಹೆಸರಾದ ಅಬ್ದುಲ್ ಕರೀಂ ಚಾಚಾನನ್ನು ಹುಡುಕಿಕೊಂಡು ಹುಮನಾಬಾದಿಗೆ ಬಂದಿದ್ದ. ಚಾಚಾನ ಕೈ ಈಗ ನಡುಗುತ್ತಿತ್ತು; ಹೊಲಿಯುವವಳು ಮಗಳು ಸಮ್ರೀನ.

ಒಂದು ಸಲ ಬಂದರೆ ಸಾಕಿತ್ತು. ಅವನು ನಾಲ್ಕು ಸಲ ಬಂದ. ಒಮ್ಮೆ ದಾರದ ಬಣ್ಣ, ಒಮ್ಮೆ ಸೀಟಿನ ತಲೆದಿಂಬು, ಮತ್ತೊಮ್ಮೆ ಕಾರಣವೇ ನೆನಪಾಗಲಿಲ್ಲ. ಎರಡನೇ ಸಲದಿಂದ ನಲ್ಲಿಯ ಹತ್ತಿರ ಒಂದು ಬಟ್ಟಲಲ್ಲಿ ಕಡಲೆಹಿಟ್ಟು ಇರತೊಡಗಿತು, ಅವನ ಎಣ್ಣೆ ಕೈ ತೊಳೆಯಲು. ಯಾರಿಟ್ಟರೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಮೂರನೇ ಸಲ ಅವಳ ಬಾಯಲ್ಲಿ ಅವನ ಹೆಸರಿನ ಜೊತೆಗಿದ್ದ ‘ಭಾಯಿ’ ಬಿದ್ದುಹೋಗಿತ್ತು.

ಬುಧವಾರ ಹೊಸ ಸೀಟು ಹೇಗಿದೆ ನೋಡಲೆಂದು ಮೂವರೂ ಗಾಡಿಯಲ್ಲಿ ಚಿಟಗುಪ್ಪ ರಸ್ತೆಗೆ ಹೊರಟರು. ಚಾಚಾ ಮುಂದೆ, ಸಮ್ರೀನ ಹಿಂದೆ.

“ಈ ಮೀಟರಿಗಿ ಅಂಕೀನೇ ಇಲ್ಲಲ್ರಿ?” ಅವಳು ಮುಂದಕ್ಕೆ ಬಾಗಿ ಕೇಳಿದಳು.

“ಟರ್ಬೊದ್ದು. ಬಿಳೀ, ಹಳದಿ, ಕೆಂಪು, ಅಷ್ಟೇ.”

“ಅಂಕಿ ಇಲ್ದ ಹ್ಯಾಂಗ ತಿಳೀಬೇಕು?”

“ಮೈಗೇ ತಿಳೀತದ. ನೋಡ್ರಿ.”

ಅವನು ಕಾಲೊತ್ತಿದ. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಯಾರೋ ಬೆನ್ನಿಗೆ ಕೈಯಿಟ್ಟು ದೂಡಿದಂತೆ ಗಾಡಿ ಮುಂದಕ್ಕೆ ಹಾರಿತು. ಇಕ್ಕೆಲದ ತೊಗರಿ ಹೊಲ ಹಸಿರು ಗೆರೆಯಾಯಿತು.

“ಯಾ ಅಲ್ಲಾ! ಮೊದಲ ಯಾಕ ಸುಮ್ಮ ಇತ್ತು?”

“ಟರ್ಬೊ ಗಾಳಿ ತುಂಬಕೋಬೇಕ್ರಿ. ತಡಾ ಆಗ್ತದ, ಆದ್ರ ಬಂದೇ ಬರ್ತದ.”

“ಗಾಡಿ ಒಂದಾರ ಬರ್ತದ,” ಎಂದಳು. ಕನ್ನಡಿಯಲ್ಲಿ ಅವಳ ಕಣ್ಣು ಅವನನ್ನೇ ನೋಡುತ್ತಿತ್ತು. “ರಿಪೇರಿ ಮಾಡಾವ್ರದೇ ಗೊತ್ತಿಲ್ಲ.”

ಚಾಚಾ ಕಿಟಕಿಯ ಹೊರಗೆ ನೋಡುತ್ತ, “ಹುಲಸೂರಿನವರು ಲಗ್ನದ ಮಾತಿಗಿ ಶುಕ್ರವಾರಕ್ಕ ಜವಾಬು ಕೇಳ್ಯಾರ, ಬೇಟಿ. ಹುಡುಗ ಛಲೋ ಅದಾನಂತ,” ಅಂದ.

ಆಸಿಫ್‌ನ ಕೈ ಗೇರು ತಪ್ಪಿತು. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಗಾಡಿ ಕಿರ್ರೆಂದಿತು. ವಾಪಸು ಬರುವಾಗ ಅವನು ಗೇರಿನ ಬಗ್ಗೆ, ರಸ್ತೆಯ ತಗ್ಗಿನ ಬಗ್ಗೆ ಮಾತಾಡಿದ; ಹುಲಸೂರಿನ ಸುದ್ದಿ ಎತ್ತಲಿಲ್ಲ.

ಕೊನೆಯ ಹೊಲಿಗೆ ಕೆಲಸವಿದೆಯೆಂದು ಸಮ್ರೀನ ಹೇಳಿದ್ದರಿಂದ ಗಾಡಿ ಅವಳ ಶೆಡ್ಡಿನಲ್ಲೇ ನಿಂತಿತು. ಶುಕ್ರವಾರ ಅವನು ಬಸ್ಸಿನಲ್ಲಿ ಬಂದ. ಮಧ್ಯಾಹ್ನದೊಳಗೆ ಡಾಕ್ಟರಿಗೆ ಗಾಡಿ ಒಪ್ಪಿಸಬೇಕು; ಆಮೇಲೆ ಈ ಓಣಿಗೆ ಬರಲು ನೆಪವಿಲ್ಲ. ಸಮ್ರೀನ ಹೊಲಿಗೆ ಯಂತ್ರದ ಮುಂದೆ ತಲೆ ತಗ್ಗಿಸಿ ಹೊಲಿಯುತ್ತ ಕೂತಿದ್ದಳು.

“ಬರ್ತೀನ್ರಿ,” ಅಂದ.

“ಹೂಂ.”

ಅವನು ಕೂತು ಬಾಗಿಲು ಹಾಕಿದ. ಚಾವಿ ಹಿಡಿದ ಕೈ ತಾನಾಗಿಯೇ ಸೀಟುಗಳ ನಡುವೆ ಇಳಿಯಿತು, ಅಲ್ಲೇ ತಡೆದು ನಿಂತಿತು.

ಕಂದು ಚರ್ಮ. ಸಾಲು ಹಿಡಿದ ಹೊಲಿಗೆ. ಕಿಂಡಿ ಮಾಯ.

ಹೊಲಿಗೆಯ ಮೇಲೆ ಒಮ್ಮೆ ಬೆರಳಾಡಿಸಿ ಇಳಿದು ಬಂದ. “ಮತ್ತ ಹೊಲಿದೀರಿ.”

“ಹೌದ್ರಿ.”

“ತಪ್ಪಿ?”

“ಮೊದಲನೇದು ತಪ್ಪಿ.” ಅವಳು ತಲೆಯೆತ್ತಲಿಲ್ಲ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು. “ನೀವಂತೂ ಬಾಯಿ ಬಿಡಂಗಿಲ್ಲ. ನಾ ಎಷ್ಟಂತ ಕಾಯ್ಲಿ?”

ಆಸಿಫ್‌ನ ಎದೆಯೊಳಗೆ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಎಲ್ಲವೂ ಒಮ್ಮೆಲೇ ಆಯಿತು.

“ನಾಲ್ಕು ಸಲ ಬಂದಿದ್ದು ಸೀಟಿಗಲ್ರಿ,” ಅಂದ. “ನಿಮ್ಮ ಸಲುವಾಗಿ.”

“ನನಗ ಗೊತ್ತದ. ಯಾರಿಗಿ ಹೇಳಬೇಕೋ ಅವರು ಒಳಗ ಅದಾರ. ಹೊಲಿಗೆ ಬಿಚ್ಚೋ ಕತ್ತರೀನೂ ಅಬ್ಬಾನ ಹತ್ರಾನೇ ಅದ. ಹೋಗಿ ಕೇಳ್ರಿ.”

ಅವನು ನಲ್ಲಿಯ ಹತ್ತಿರ ನಿಂತು ಕಡಲೆಹಿಟ್ಟು ಹಚ್ಚಿ ಕೈ ತೊಳೆದ. ಕೈಯಲ್ಲಿ ಎಣ್ಣೆಯೇನೂ ಇರಲಿಲ್ಲ. ಚಪ್ಪಲಿ ಬಿಟ್ಟು ಹೊಸ್ತಿಲು ದಾಟಿದ.

ಮಂಚದ ಮೇಲೆ ಕೂತಿದ್ದ ಚಾಚಾ, ನಡುಗುವ ಕೈಯಲ್ಲಿ ಕತ್ತರಿ ಹಿಡಿದೇ ಕಾಯುತ್ತಿದ್ದ.

“ಬಾ ಬೇಟಾ, ಕೂಡು,” ಅಂದ. “ಬುಧವಾರ ಹುಲಸೂರಿನ ಮಾತು ಸುಮ್ಮ ತೆಗದಿದ್ದೆ ಅಂದ್ಕೊಂಡಿಯೇನು? ಇರ್ಲಿ. ಕತ್ತರಿ ಒಂದೇ ಸಾಕೋ, ಇನ್ನೇನರ ಕೇಳೋದೂ ಅದನೋ?”

ಹೊರಗೆ ಹೊಲಿಗೆ ಯಂತ್ರದ ಸದ್ದು ನಿಂತುಹೋಯಿತು.