ಗುಬ್ಬಿಯ ಸರ್ವಿಸ್ ಪುಸ್ತಕ

ಲಿಫ್ಟಿನ ಬಾಗಿಲು ಇನ್ನೇನು ಮುಚ್ಚಬೇಕು, ಅಷ್ಟರಲ್ಲಿ ಅವನು ಓಡಿಬಂದು ಕೈ ಅಡ್ಡ ಹಿಡಿದ. ಒಳಗೆ ಏಳು ತಿಂಗಳ ಮಗುವನ್ನೆತ್ತಿಕೊಂಡು ಅವಳು ನಿಂತಿದ್ದಳು. ಇಬ್ಬರೂ ಹೊರಟಿದ್ದು ಒಂದೇ ಕಡೆಗೆ: ನಾಲ್ಕನೇ ಮಹಡಿಯ ವಕೀಲೆಯ ಹತ್ತಿರ, ಬೇರೆಯಾಗುವುದಕ್ಕೆ.

ಅಪ್ಪನನ್ನು ಕಂಡದ್ದೇ ತಡ, ಗುಬ್ಬಿ ಬೊಚ್ಚುಬಾಯಿ ಅಗಲಿಸಿ ನಕ್ಕಿತು. ಅವನು ಅವಳತ್ತ ಒಮ್ಮೆ ಕಣ್ಣೆತ್ತಿದ, ತಕ್ಷಣ ಇಳಿಸಿದ. ಹಾಳಾದವನ ರೆಪ್ಪೆ ಇನ್ನೂ ಅಷ್ಟೇ ಉದ್ದ ಇದೆಯಲ್ಲ ಎಂದುಕೊಂಡು ಅವಳು ಮುಖ ತಿರುಗಿಸಿದಳು. ಮಾತು? ಊಹೂಂ. ಲಿಫ್ಟ್ ಮೆಕ್ಯಾನಿಕ್ ಅಲ್ಲವೇ, ಲಿಫ್ಟಿನ ಸದ್ದಿಗೆ ಕಿವಿಗೊಟ್ಟು ನಿಂತ, ಅಷ್ಟೇ.

ಅವಳ ದೂರು ಇದೇ ನೋಡಿ. ಮದುವೆಗೆ ಮುಂಚೆ ಅರಳು ಹುರಿದಂತೆ ಮಾತಾಡುತ್ತಿದ್ದವನು ಎರಡೇ ತಿಂಗಳಿಗೆ ಬಾಯಿಗೆ ಬೀಗ ಹಾಕಿಕೊಂಡಿದ್ದ. ನಾನು ಬೇಡವಾದೆ ಎಂದು ಅವಳು ತೀರ್ಮಾನಿಸಿದಳು. ಹದಿನೆಂಟನೇ ತಿಂಗಳಿಗೆ ಗುಬ್ಬಿಯನ್ನೆತ್ತಿಕೊಂಡು ಅಕ್ಕನ ಮನೆ ಸೇರಿದಳು. ಮಗುವಿನ ಗಂಧಗಾಳಿಯೂ ಗೊತ್ತಿಲ್ಲದವನಿಗೆ ಭಾನುವಾರ ಎರಡು ಗಂಟೆ ಕೊಟ್ಟರೆ ಧಾರಾಳವಾಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಇವತ್ತು ಬಂದಿದ್ದಳು.

ವಕೀಲೆ ಕನ್ನಡಕ ಮೇಲೇರಿಸಿದರು.

"ಹತ್ತೊಂಬತ್ತು ತಿಂಗಳ ಮದುವೆ. ಅವರವರು ತಂದದ್ದು ಅವರವರಿಗೆ, ಸೇರಿ ಕೊಂಡದ್ದು ಅರ್ಧರ್ಧ. ಅದರಲ್ಲಿ ಜಗಳ ಇಲ್ಲ ತಾನೆ? ಮಗು ವಿಷಯ ಹಾಗಲ್ಲ. ಅಪ್ಪ ಅಮ್ಮನ ಮದುವೆ ಎಷ್ಟು ದಿನದ್ದಾದ್ರೂ ಮಗುವಿನ ಹಕ್ಕು ಕಮ್ಮಿ ಆಗಲ್ಲ. ಖರ್ಚು ಇಬ್ಬರದ್ದೂ. ಯಾರ ಹತ್ತಿರ ಎಷ್ಟು ದಿನ ಅನ್ನೋದನ್ನ ಅದಕ್ಕೆ ಯಾವುದು ಒಳ್ಳೇದು ಅಂತ ನೋಡಿ ಹೇಳ್ಬೇಕು. ಮಗುಗೆ ಏನೇನು ಮಾಡ್ತೀರಿ ಅಂತ ಬರೆದು ತನ್ನಿ ಅಂದಿದ್ನಲ್ಲ?"

ಅವಳು ಅಚ್ಚುಕಟ್ಟಾದ ನಾಲ್ಕು ಹಾಳೆ ಕೊಟ್ಟಳು. ಅವನು ತಲೆ ಕೆರೆದುಕೊಂಡು ಟೂಲ್ ಬ್ಯಾಗಿನಿಂದ ಎಣ್ಣೆಜಿಡ್ಡಿನ ಪುಸ್ತಕವೊಂದನ್ನು ತೆಗೆದ.

"ಹಾಗೆಲ್ಲ ಬರೆಯೋಕೆ ನಂಗೆ ಬರ್ಲಿಲ್ಲ ಮೇಡಂ. ಇದಿದೆ. ನಮ್ಮ ಕೆಲಸದಲ್ಲಿ ಲಿಫ್ಟಿನ ಏನು ಮುಟ್ಟಿದ್ರೂ ಸರ್ವಿಸ್ ಪುಸ್ತಕದಲ್ಲಿ ಬರೆದು ಸೈನ್ ಹಾಕ್ಬೇಕು. ಗುಬ್ಬಿ ವಿಷಯದಲ್ಲೂ ಅದೇ ಅಭ್ಯಾಸ."

ವಕೀಲೆ ಪುಟ ತಿರುವಿ ಗಟ್ಟಿಯಾಗಿ ಓದಿದರು. "'ಅಳು. ಹಸಿವಲ್ಲ. ಎಡ ಭುಜದ ಮೇಲೆ ಹಾಕಿಕೊಂಡೆ, ನಿಂತಿತು. ಅವಳನ್ನು ಎಬ್ಬಿಸಿಲ್ಲ, ಮೂರು ದಿನದಿಂದ ನಿದ್ದೆಯಿಲ್ಲ ಪಾಪ. ಸದ್ದು ಮಾಡಿಲ್ಲ.' ಅಲ್ರೀ, ಪ್ರತಿ ಪುಟದಲ್ಲೂ 'ಸದ್ದು ಮಾಡಿಲ್ಲ' ಅಂತಿದೆಯಲ್ಲ, ಏನಿದು?"

"ಅವಳು ಆಸ್ಪತ್ರೇಲಿ ದಿನವಿಡೀ ಜನರ ಕಿವಿ ಟೆಸ್ಟ್ ಮಾಡ್ತಾಳೆ ಮೇಡಂ. ಮನೇಲಾದ್ರೂ ಸದ್ದು ಬೇಡಪ್ಪಾ ಅಂದಿದ್ಲು. ಮದುವೆಯಾದ ಎರಡನೇ ತಿಂಗಳು, ಒಂದು ಗುರುವಾರ."

"ಅಯ್ಯೋ ದೇವ್ರೇ!" ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಅದು ಟಿವಿ ಸದ್ದಿಗೆ ಅಂದಿದ್ದು ಕಣೋ!"

ವಕೀಲೆ ಕೆಮ್ಮಿನ ನೆಪದಲ್ಲಿ ನಕ್ಕರು. ಅವಳಿಗೆ ನಗು ಬರಲಿಲ್ಲ. ಗುಬ್ಬಿಯನ್ನು ಅವನ ತೊಡೆಗೆ ಹಾಕಿ ಪುಸ್ತಕವನ್ನು ಕಿತ್ತುಕೊಂಡಳು. ಗುಬ್ಬಿ ಹುಟ್ಟಿದ ದಿನದಿಂದ ಒಂದು ದಿನವೂ ತಪ್ಪಿರಲಿಲ್ಲ. ಮೊದಲ ಸೀನು ಅದರಲ್ಲಿತ್ತು, ಮೊದಲ ಸಲ ಮಗುಚಿಕೊಂಡದ್ದೂ ಇತ್ತು. "ಇವತ್ತು ಅವಳು ಹಾಡಿಕೊಳ್ಳುತ್ತಿದ್ದಳು. ಗುಬ್ಬಿಯೂ ನಾನೂ ಬಾಗಿಲ ಹಿಂದೆ ನಿಂತು ಕೇಳಿದೆವು." ಅವಳು ಬಿಟ್ಟುಹೋದ ಮೇಲಿನ ತಿಂಗಳೂ ಖಾಲಿಯಿರಲಿಲ್ಲ. "ಗುಬ್ಬಿ ಇಲ್ಲ. ತೊಟ್ಟಿಲ ಸ್ಕ್ರೂ ಬಿಗಿ ಮಾಡಿದೆ." ಕೆಳಗೆ ಸಹಿ. ಮರುದಿನವೂ ಅದೇ ಸ್ಕ್ರೂ, ಅದೇ ಸಹಿ.

ಯಾರ್ಯಾರ ಕಿವಿಗೆ ಎಷ್ಟು ಸಣ್ಣ ದನಿ ಕೇಳಿಸುತ್ತದೆ ಎಂದು ನೋಡುವುದೇ ಅವಳ ಕೆಲಸ. ತನ್ನ ಮನೆಯೊಳಗೆ ಇಷ್ಟು ದೊಡ್ಡದೊಂದು ನಡೆಯುತ್ತಿತ್ತು, ಅವಳಿಗೇ ಕೇಳಿಸಿರಲಿಲ್ಲ. ಒಬ್ಬ ಮನುಷ್ಯನೊಳಗೆ ಇಷ್ಟೊಂದು ಇರುತ್ತದೆಯೇ ಎಂದು ಅವನನ್ನು ಹೊಸದಾಗಿ ಕಂಡಂತೆ ನೋಡಿದಳು. ಅವನು ಗುಬ್ಬಿಯ ಕಾಲ್ಚೀಲ ಸರಿಮಾಡುತ್ತ ಕೂತಿದ್ದ.

"ಸರಿ, ಯಾವ ದಿನ ಯಾರ ಹತ್ತಿರ?" ವಕೀಲೆ ಪೆನ್ನು ತೆಗೆದರು.

"ಅವಳು ಹೇಳಿದಷ್ಟು ಮೇಡಂ," ಎಂದ ಅವನು. "ಭಾನುವಾರ ಮಾತ್ರ ಅಂದ್ರೂ ಸರಿ."

ಅವಳು ಪುಸ್ತಕ ಮುಚ್ಚಿದಳು. "ಮೇಡಂ, ಒಂದು ತಿಂಗಳು ಟೈಮ್ ಕೊಡ್ತೀರಾ?"

"ತಗೊಳ್ರಮ್ಮ. ಕಾಗದ ಎಲ್ಲಿಗೂ ಓಡಿಹೋಗಲ್ಲ."

ಲಿಫ್ಟ್ ಇಳಿಯತೊಡಗಿತು. ಗುಬ್ಬಿ ಈಗ ಅವನ ಎಡ ಭುಜದ ಮೇಲಿತ್ತು.

"ಮಾತಾಡು," ಎಂದಳು.

"ಏನು ಮಾತಾಡ್ಲಿ?"

"ಒಳಗೆ ಇಟ್ಕೊಂಡಿದ್ದೆಲ್ಲ."

ಅವನು ಕೆಂಪಾದ. "ಈ ಲಿಫ್ಟು ಮೂರನೇ ಮಹಡೀಲಿ ಸ್ವಲ್ಪ ನಡುಗುತ್ತೆ..."

"ಥೂ, ಅದಲ್ಲ ಕಣೋ!"

ಎರಡನೇ ಮಹಡಿ ದಾಟಿತು. ಒಂದನೆಯದೂ ದಾಟಿತು. ಬಾಗಿಲು ತೆರೆಯುವ ಹೊತ್ತಿಗೆ ಅವನು ಅಂತೂ ಬಾಯಿಬಿಟ್ಟ.

"ನೀನಿಲ್ದೆ ನಂಗಾಗಲ್ಲ ಕಣೇ."

ಹೊರಗೆ ಬೀದಿ, ಬಿಸಿಲು, ಅಕ್ಕನ ಮನೆಯ ದಾರಿ. ಅವಳು ಕೈ ಚಾಚಿ ಎಲ್ಲಕ್ಕಿಂತ ಮೇಲಿನ ಮಹಡಿಯ ಗುಂಡಿ ಒತ್ತಿದಳು. ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಇನ್ನೊಂದ್ಸಲ ಹೇಳು," ಎಂದಳು. "ಈ ಸಲ ಗಟ್ಟಿಯಾಗಿ."